ಒಂದೇ ಸಲ ಕೇಳುವ ಪ್ರೋಗ್ರಾಮು

ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. (ಕಾಗದಪತ್ರಗಳಲ್ಲಿ ‘ದೈಹಿಕ ಶಿಕ್ಷಣ ಶಿಕ್ಷಕರು’ ಎಂದಿದೆ. ಆ ಗೌರವದ ಹೆಸರಿನಿಂದ ನನ್ನನ್ನು ಇದುವರೆಗೆ ಯಾರೂ ಕರೆದಿಲ್ಲ.) ನಾನು ಸೀಟಿ ಊದಿದರೆ ಮೈದಾನದಲ್ಲಿ ಓಡುತ್ತಿರುವ ಮಕ್ಕಳೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ಸಾವಧಾನ್ ಅಂದರೆ ಸಾವಧಾನ್, ವಿಶ್ರಾಮ್ ಅಂದರೆ ವಿಶ್ರಾಮ್. ಅದೇ ನಾನು ಸಂಜೆ ಮನೆಗೆ ಬಂದು ಕುರ್ಚಿಯಲ್ಲಿ ಕೂತು, “ಒಂದು ಲೋಟ ನೀರು ಕೊಡು” ಅಂದರೆ ಮನೆಯೊಳಗೆ ಒಂದು ನೊಣವೂ ಅಲುಗಾಡುವುದಿಲ್ಲ.

“ಫಿಲ್ಟರ್ ಅಲ್ಲೇ ಐತಲ್ರೀ, ಎದ್ದು ಕುಡೀರಿ” ಅಂತ ಅಡುಗೆ ಮನೆಯಿಂದ ಧ್ವನಿ ಮಾತ್ರ ಬರುತ್ತದೆ. ಆ ಧ್ವನಿಯ ಒಡತಿ ಗಂಗಾಶ್ರೀ, ನನ್ನ ಧರ್ಮಪತ್ನಿ. ನಾನೇ ಎದ್ದು, ನಾನೇ ಕುಡಿದು, ಲೋಟ ತೊಳೆದಿಟ್ಟು ಬರುತ್ತೇನೆ. ಹೊರಗಡೆ ಚಕ್ರವರ್ತಿ, ಒಳಗಡೆ ಸ್ವಯಂಸೇವಕ ಎಂಬುದು ನನ್ನ ಸಂಕ್ಷಿಪ್ತ ಜೀವನಚರಿತ್ರೆ.

ಇಂಥವನ ಬಾಳಿನಲ್ಲಿ, ಹೇಳಿದ ಮಾತನ್ನು ಒಂದೇ ಸಲಕ್ಕೆ ಕೇಳುವ ಒಂದು ವಸ್ತು ಬಂದರೆ ಮನಸ್ಸು ಸೋಲುವುದು ಸಹಜ. ಆ ವಸ್ತುವಿನ ಹೆಸರು ಪೈಥಾನ್. ಅದು ಕಂಪ್ಯೂಟರಿನ ಭಾಷೆ. ಅದರ ಜೊತೆ ನನ್ನ ಗಂಟು ಹಾಕಿದವರು ನಮ್ಮ ಹೆಡ್‌ಮಾಸ್ಟರ್ ಶಿವರಾಮ ಸರ್.

ಶಾಲೆಯಲ್ಲಿ ಕೋಡಿಂಗ್ ಕ್ಲಬ್ ಶುರು ಮಾಡಬೇಕು, ಒಬ್ಬ ಶಿಕ್ಷಕರು ಮೊದಲು ಪೈಥಾನ್ ಕಲಿಯಬೇಕು ಎಂದು ಆಡಳಿತ ಮಂಡಳಿ ತೀರ್ಮಾನ ಮಾಡಿತು. ಗಣಿತದ ಮೇಷ್ಟ್ರು ಕಣ್ಣಿನ ಪೊರೆ ಎಂದರು. ವಿಜ್ಞಾನದ ಮೇಡಂ ಮಗಳ ಬಾಣಂತನ ಎಂದರು. ಶಿವರಾಮ ಸರ್ ಕಿಟಕಿಯಿಂದ ಮೈದಾನದ ಕಡೆ ನೋಡಿದರು. ಅಲ್ಲಿ ಹೊಸ ಕೊಠಡಿ ಕಟ್ಟಲು ಜಲ್ಲಿ ಸುರಿದಿದ್ದರು.

“ಚನ್ನೇಶ್, ಹೇಗೂ ಆಟ ನಿಂತಿದೆ. ನೀವು ಖಾಲಿ ಇದ್ದೀರಲ್ಲ?” ಎಂದರು.

“ಸರ್, ನನಗೆ ಕಂಪ್ಯೂಟರ್ ಆನ್ ಮಾಡೋದಕ್ಕೂ ಬರಲ್ಲ.”

“ಅದಕ್ಕೇ ಹೇಳಿದ್ದು. ಏನೂ ಬರದೆ ಇದ್ದೋರಿಗೇ ಇದು ಸುಲಭವಂತೆ. ವಿಡಿಯೋದಲ್ಲಿ ವಾರಕ್ಕೊಂದು ಪಾಠ ಕಳಿಸ್ತಾರೆ. ನೋಡಿ, ಮಾಡಿ.” ಹೀಗೆ ನನ್ನ ಅಜ್ಞಾನವೇ ನನ್ನ ಅರ್ಹತೆಯಾಗಿ, ಶಾಲೆಯ ಲ್ಯಾಪ್‌ಟಾಪ್ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಬಂದೆ.

ಮೊದಲ ಪಾಠ ಪ್ರಿಂಟ್. ಪ್ರಿಂಟ್ ಎಂದು ಬರೆದು, ಕಂಸದೊಳಗೆ ಉದ್ಧರಣ ಚಿಹ್ನೆ ಹಾಕಿ ಏನು ಬರೆದರೂ ಕಂಪ್ಯೂಟರ್ ಅದನ್ನೇ ತೆರೆಯ ಮೇಲೆ ತೋರಿಸುತ್ತದೆ. ನಾನು ‘ನಮಸ್ಕಾರ’ ಎಂದು ಬರೆದೆ. ಕೊನೆಯ ಚಿಹ್ನೆ ಹಾಕುವುದನ್ನು ಮರೆತಿದ್ದರಿಂದ ಕೆಂಪು ಅಕ್ಷರದಲ್ಲಿ ಚೆನ್ನಾಗಿ ಬೈಯಿಸಿಕೊಂಡೆ. ಸರಿ ಮಾಡಿದೆ. ಕಂಸ ಮರೆತೆ. ಮತ್ತೆ ಬೈಗುಳ. ಕೊನೆಗೆ ಎಲ್ಲ ಸರಿಹೋಗಿ ತೆರೆಯ ಮೇಲೆ ‘ನಮಸ್ಕಾರ’ ಎಂದು ಬಂತು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುತ್ತಿಲ್ಲ.

“ಗಂಗಾ, ಬೇಗ ಬಾ ಇಲ್ಲಿ!”

ಅವಳು ಸೌಟು ಹಿಡಿದುಕೊಂಡೇ ಓಡಿ ಬಂದಳು. “ಏನಾಯ್ತ್ರೀ?”

“ನೋಡು. ನಮಸ್ಕಾರ ಅಂತ ಬಂತು.”

“ಯಾರು ಹೇಳಿದ್ದು?”

“ಕಂಪ್ಯೂಟರ್. ನಾನು ಹೇಳಿಸಿದ್ದು.”

“ನಿಮಗೆ ನೀವೇ ನಮಸ್ಕಾರ ಹಾಕ್ಕೊಳ್ಳೋಕೆ ನನ್ನನ್ಯಾಕ್ರೀ ಕರೆದ್ರಿ? ಒಗ್ಗರಣೆ ಸೀದೋಯ್ತು.” ಕಲಾರಸಿಕತೆ ಇಲ್ಲದ ಹೆಂಗಸು ಎಂದುಕೊಂಡು ಇನ್ನೊಂದು ‘ನಮಸ್ಕಾರ’ ಬರೆದೆ.

ಮುಂದಿನ ಪಾಠಗಳಿಗೆ ಹೋದಂತೆ ಈ ಭಾಷೆ ನನಗೇ ಹೇಳಿ ಮಾಡಿಸಿದ್ದು ಅನ್ನಿಸತೊಡಗಿತು. ಇದರಲ್ಲಿ ಸಾಲುಗಳು ಸರಿಯಾಗಿ ನಿಲ್ಲಬೇಕು. ಒಂದು ಸಾಲಿನ ಕೆಳಗೆ ಬರುವ ಸಾಲು ಎಷ್ಟು ಒಳಕ್ಕೆ ನಿಲ್ಲಬೇಕೋ ಅಷ್ಟೇ ಒಳಕ್ಕೆ ನಿಲ್ಲಬೇಕು. ಒಂದು ಅಕ್ಷರದಷ್ಟು ಜಾಗ ಹಿಂದೆ ಮುಂದೆ ಆದರೂ ಪ್ರೋಗ್ರಾಮು ಓಡುವುದಿಲ್ಲ. ಬೇರೆಯವರು ಇದಕ್ಕೆ ಹೆದರುತ್ತಾರಂತೆ. ನಾನು ಇಷ್ಟು ವರ್ಷ ಮೈದಾನದಲ್ಲಿ ಮಾಡಿದ್ದು ಇನ್ನೇನು? ಲ್ಯಾಪ್‌ಟಾಪ್ ಎದುರು ಕೂತು “ಏಯ್ ಮೂರನೇ ಸಾಲು, ಒಳಗೆ ಬಾ!” ಎಂದು ಗದರಿಸುತ್ತಿದ್ದೆ. ನನ್ನ ತಾಯಿ ರಾಜೇಶ್ವರಮ್ಮ ಜಪಮಣಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಬಂದದ್ದು ಇಫ್ ಮತ್ತು ಎಲ್ಸ್. ಇಂಥದ್ದಾದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು. ಅಷ್ಟೇ. ಈ ಪಾಠ ನನ್ನ ತಲೆಗೆ ಹೊಸ ಬೆಳಕು ಕೊಟ್ಟಿತು. ನಮ್ಮ ಜನ ಎಷ್ಟು ಮಾತು ಪೋಲು ಮಾಡುತ್ತಾರೆ! ಕೇಳಬೇಕು, ಉತ್ತರ ಪಡೆಯಬೇಕು, ಅದರಂತೆ ನಡೆಯಬೇಕು. ಬೇಕು ಅಂದರೆ ಕೊಡು, ಇಲ್ಲದಿದ್ದರೆ ಬಿಡು. ನಾನು ಈ ತತ್ವವನ್ನು ನಿತ್ಯಜೀವನದಲ್ಲಿ ಜಾರಿಗೆ ತರಲು ನಿರ್ಧರಿಸಿದೆ.

ಮೊದಲ ಪ್ರಯೋಗ ಆ ದಿನವೇ ಊಟದ ಹೊತ್ತಿಗೆ ಆಯಿತು.

“ಅವ್ವ, ಊಟಕ್ಕೆ ಬರ್ತೀಯಾ?”

“ಬ್ಯಾಡಪ್ಪ, ಹಸಿವಿಲ್ಲ.”

“ಸರಿ” ಅಂದು ನಾನು ಉಂಡು ಕೈ ತೊಳೆದೆ. ಗಂಗಾಶ್ರೀ ಆ ದಿನ ಮಹಿಳಾ ಸಂಘದ ಸಭೆಗೆ ಹೋಗಿದ್ದಳು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ. ಮಾಮೂಲಿನಂತೆ ನಾನು “ಹಂಗಂದ್ರೆ ಹ್ಯಾಂಗವ್ವ, ಅರ್ಧ ರೊಟ್ಟಿನಾದ್ರೂ ತಿನ್ನು” ಅನ್ನಬೇಕಿತ್ತು. ಅವಳು “ಅರ್ಧ ಅಂದ್ರೆ ಅರ್ಧನೇ” ಅನ್ನಬೇಕಿತ್ತು. ಆಮೇಲೆ ಕೂತು ಎರಡು ರೊಟ್ಟಿ, ಮೇಲಿಷ್ಟು ಮಜ್ಜಿಗೆ ಅನ್ನ ಉಂಡು ಏಳಬೇಕಿತ್ತು. ಅದು ನಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಕಾಂಪೌಂಡಿನ ಹತ್ತಿರ ಪಕ್ಕದ ಮನೆಯ ಕರಿಯಣ್ಣನ ಹೆಂಡತಿಗೆ ಅವಳು ಹೇಳುವುದು ಕೇಳಿಸಿತು: “ನನ್ ಮಗ ಕಂಪ್ಯೂಟರ್ ಕಲಿಯಾಕ್ ಹತ್ಯಾನವ್ವ. ಅದಕ್ಕೆ ನಂಗೆ ನಿನ್ನೆ ಊಟ ಇಲ್ಲ.”

ಗಂಗಾಶ್ರೀ ನನ್ನನ್ನು ಅಡುಗೆ ಮನೆಗೆ ಕರೆದಳು. (ಅಲ್ಲಿಗೆ ಕರೆದರೆ ವಿಚಾರಣೆ ಎಂದು ಅರ್ಥ.)

“ಅಲ್ರೀ, ಒಂದ್ಸಲ ಬೇಡ ಅಂದ್ರೆ ಬೇಡ ಅಂತಾನಾ?”

“ಮತ್ತೇನು? ಮನುಷ್ಯರು ಸ್ಪಷ್ಟವಾಗಿ ಹೇಳಬೇಕು.”

“ನಿಮ್ಮವ್ವ ಈ ವಯಸ್ಸಲ್ಲಿ ‘ಬೇಕು, ಹಾಕು’ ಅಂತ ಕೇಳ್ಬೇಕಾ? ಆ ನಿಮ್ಮ ಡಬ್ಬಕ್ಕೆ ಎರಡು ಮೂರು ಸಲ ಕೇಳೋದನ್ನ ಮೊದಲು ಕಲಿಸ್ರಿ.”

“ಅದಕ್ಕೆ ಲೂಪ್ ಬೇಕು. ಒಂದೇ ಕೆಲಸವನ್ನ ತಿರುಗಿ ತಿರುಗಿ ಮಾಡಿಸೋದಕ್ಕೆ ವೈಲ್ ಲೂಪ್ ಅಂತ ಬರುತ್ತೆ. ಅದು ಮುಂದಿನ ಪಾಠ.”

“ಅಲ್ಲೀವರೆಗೂ ಅತ್ತೆ ಉಪವಾಸನಾ?” ಎಂದಳು. ಪಾಠ ಇನ್ನೂ ಬಂದಿರದ ವಿಷಯದಲ್ಲಿ ಬಾಯಿ ಹಾಕಬಾರದು ಎಂಬುದು ಶಿಕ್ಷಕನ ಧರ್ಮ.

ಇಷ್ಟಕ್ಕೇ ನಿಂತಿದ್ದರೆ ಇದು ಮನೆಯೊಳಗಿನ ಮಾತಾಗಿರುತ್ತಿತ್ತು. ಆದರೆ ಅದೇ ಸಮಯಕ್ಕೆ ನನ್ನ ತಮ್ಮ ಪ್ರದೀಪನ ಮದುವೆಯ ಮಾತು ಕೂಡಿ ಬಂತು.

ಪ್ರದೀಪನಿಗೆ ಪಂಪು ಮೋಟಾರು ರಿಪೇರಿಯ ಅಂಗಡಿ ಇದೆ. ಅಂಜನಾಪುರದ ಕಡೆಯ ರೈತರೆಲ್ಲ ಅವನ ಗಿರಾಕಿಗಳು. ಅಪ್ಪ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ನಾನೇ ಸಾಕಿದವನು, ನನಗೆ ಅವನೆಂದರೆ ಪ್ರಾಣ. ಒಳ್ಳೆಯ ಹುಡುಗ, ಒಂದು ಚಟವಿಲ್ಲ. ಆದರೂ ಹೆಣ್ಣು ಸಿಕ್ಕಿರಲಿಲ್ಲ. ಒಬ್ಬರು ಸರ್ಕಾರಿ ನೌಕರಿ ಇಲ್ಲ ಎಂದರು, ಇನ್ನೊಬ್ಬರು ಅಂಗೈಯಲ್ಲಿ ಗ್ರೀಸು ಇದೆ ಎಂದರು. ಪ್ರತಿ ಸಲ ಮಾತು ಮುರಿದಾಗಲೂ ಅವನು “ಹೋಗ್ಲಿ ಬಿಡಣ್ಣ” ಎಂದು ಅಂಗಡಿಗೆ ಹೋಗುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಈ ಸಲದ ಹುಡುಗಿ ಸೊರಬದವಳು, ಹೆಸರು ಶಶಿರೇಖಾ. ಅಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಅವರ ತೋಟದ ಮೋಟಾರು ಸುಟ್ಟಾಗ ಯಾರೋ ಹೇಳಿ ಪ್ರದೀಪ ಅಲ್ಲಿಗೆ ಹೋಗಿದ್ದ. ಮೋಟಾರು ಸರಿಹೋಯಿತು. ಜೊತೆಗೆ ಇದೂ ಸರಿಹೋಯಿತು. ಹುಡುಗ ಹುಡುಗಿ ಒಪ್ಪಿ, ಪರಿಚಯಸ್ಥರಾದ ವೀರಬಸಪ್ಪನವರು ನಡುವೆ ನಿಂತು ಎರಡೂ ಮನೆಗೆ ಮಾತು ಮುಟ್ಟಿಸಿದ್ದರು. ಉಳಿದದ್ದು ಒಂದೇ: ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ ನೋಡಿಕೊಂಡು ಹೋಗುವ ಶಾಸ್ತ್ರ. ಮನೆ ನೋಡುವುದು ಅಂದರೆ ಗೋಡೆ ನೋಡುವುದಲ್ಲ. ಆ ಮನೆಯ ಜನ ಬಂದವರನ್ನು ಹೇಗೆ ಮಾತಾಡಿಸುತ್ತಾರೆ, ಹೇಗೆ ಉಣ್ಣಿಸುತ್ತಾರೆ ಎಂದು ನೋಡುವುದು. ಇದು ನನಗೂ ಗೊತ್ತು. ಗೊತ್ತಿದ್ದೂ ಮಾಡಿದ್ದಕ್ಕೇ ಇಷ್ಟು ದೊಡ್ಡ ಕಥೆ.

ಬರುವ ದಿನ ಗೊತ್ತಾದ ಕೂಡಲೇ ಗಂಗಾಶ್ರೀ ಕೆಲಸ ಹಂಚಿದಳು. ಅವಳದು ಮತ್ತು ಅವ್ವನದು ಅಡುಗೆ. ಪ್ರದೀಪನದು ಬಾಳೆ ಎಲೆ, ಮೊಸರು, ಹಣ್ಣು. “ನೀವು ಹಾಲ್‌ನಲ್ಲಿ ಕೂತು ಮಾತಾಡ್ಸಿ. ಕಾಫಿನೋ ಟೀನೋ ಕೇಳಿ ಒಳಗೆ ಹೇಳಿ. ಊಟಕ್ಕೆ ಏಳಿಸಿ. ಅಷ್ಟೇ. ಬೇರೆ ಏನೂ ಮಾಡಬೇಡ್ರಿ.”

ಅವಳು ಅಷ್ಟೇ ಎಂದಳು. ನನಗೆ ಅಷ್ಟರಲ್ಲೇ ಅವಕಾಶ ಕಂಡಿತು. ಹುಡುಗಿ ಕಂಪ್ಯೂಟರ್ ಕಲಿಸುವವಳು. ಗಂಡಿನ ಅಣ್ಣನೂ ಪ್ರೋಗ್ರಾಮು ಬರೆಯುತ್ತಾನೆ ಎಂದು ಗೊತ್ತಾದರೆ ನಮ್ಮ ಮನೆಯ ತೂಕ ಹೆಚ್ಚುವುದಿಲ್ಲವೇ? ನಾನು ಕೂತು ‘ಅತಿಥಿ ಸತ್ಕಾರ’ ಎಂಬ ಪ್ರೋಗ್ರಾಮು ಬರೆದೆ. ಅದು ಮೊದಲು ಅತಿಥಿಯ ಹೆಸರು ಕೇಳುತ್ತದೆ. ಆಮೇಲೆ ಕಾಫಿ ಬೇಕೇ, ಆಮೇಲೆ ಊಟ ಬೇಕೇ ಎಂದು ಕೇಳುತ್ತದೆ. ಉತ್ತರ ‘ಬೇಕು’ ಎಂದಾದರೆ ‘ಒಳಗೆ ತಿಳಿಸಿ’ ಎಂದು ತೋರಿಸುತ್ತದೆ. ಬೇರೆ ಏನೇ ಉತ್ತರ ಬಂದರೂ ‘ಸಂತೋಷ. ಹೋಗಿ ಬನ್ನಿ’ ಎಂದು ತೋರಿಸುತ್ತದೆ. ಆ ಸಾಲನ್ನು ನಾನು ಮರ್ಯಾದೆಗೆಂದು ಸೇರಿಸಿದ್ದು. ‘ಬೇಕು’ ಎಂದು ಬಾಯಿಬಿಟ್ಟು ಹೇಳುವ ಅತಿಥಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಆ ದಿನ ಹುಡುಗಿಯ ಅಪ್ಪ ಮಲ್ಲಿಕಾರ್ಜುನಪ್ಪನವರು, ಅವರ ಹೆಂಡತಿ, ಒಬ್ಬ ಸೋದರಮಾವ, ಮೂವರೂ ಕಾರಿನಲ್ಲಿ ಬಂದಿಳಿದರು. ವೀರಬಸಪ್ಪನವರು ಬೇರೊಂದು ಕಡೆಯ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದರು. ಗಂಗಾಶ್ರೀ ನೀರು ಬೆಲ್ಲ ಕೊಟ್ಟು, ಚೆನ್ನಾಗಿ ಮಾತಾಡಿಸಿ, “ಒಲೆ ಮೇಲೆ ಹೋಳಿಗೆ ಐತೆ, ಬಂದೆ” ಎಂದು ಒಳಗೆ ಹೋದಳು. ಅವ್ವ ಒಳಗೆ ಹೂರಣದ ಉಂಡೆ ಕಟ್ಟುತ್ತಿದ್ದಳು. ಪ್ರದೀಪ ತಂದ ಎಲೆಗಳೆಲ್ಲ ಹರಿದಿದ್ದರಿಂದ ಬೇರೆ ಎಲೆಗೆ ಮತ್ತೆ ಪೇಟೆಗೆ ಓಡಿದ್ದ. ಹಾಲ್‌ನಲ್ಲಿ ಮೂವರು ಅತಿಥಿಗಳು, ನಾನು, ಲ್ಯಾಪ್‌ಟಾಪು.

ಮಲ್ಲಿಕಾರ್ಜುನಪ್ಪನವರ ಹೆಂಡತಿ, “ನಾನು ಒಳಗೆ ಹೋಗಿ ಅವರ ಹತ್ರ ಮಾತಾಡ್ತೀನಿ” ಎಂದು ಎದ್ದರು.

“ಕೂತ್ಕೊಳ್ಳಿ ಅಮ್ಮಾ, ನಿಮ್ಮದೂ ಎಂಟ್ರಿ ಆಗ್ಬೇಕು” ಎಂದೆ. ಅವರು ಏನೂ ತಿಳಿಯದೆ ಕೂತರು.

“ಸಾರ್, ಕಾಫಿ ಬೇಕಾ?”

“ಅಯ್ಯೋ, ಎಂತಕ್ಕೆ ಮಾರಾಯ್ರೆ, ಈಗಷ್ಟೇ ಬಂದೀವಿ” ಎಂದರು ಮಲ್ಲಿಕಾರ್ಜುನಪ್ಪ. ನಾನು ‘ಎಂತಕ್ಕೆ’ ಎಂದು ಟೈಪ್ ಮಾಡಿದೆ.

“ಊಟ ಬೇಕಾ?”

“ಊಟಕ್ಕೆಲ್ಲ ತೊಂದ್ರೆ ತಗೋಬೇಡಿ. ಇರ್ಲಿ, ನೋಡಣ.” ನಾನು ‘ಇರ್ಲಿ’ ಎಂದು ಟೈಪ್ ಮಾಡಿದೆ. ಸೋದರಮಾವ ನಗುತ್ತಾ “ನಮ್ಮದೆಲ್ಲ ತಿಂಡಿ ಆಗಿದೆ” ಎಂದರು. ಮಲ್ಲಿಕಾರ್ಜುನಪ್ಪನವರ ಹೆಂಡತಿ ಬರಿದೇ ತಲೆ ಆಡಿಸಿದರು. ಅದಕ್ಕೆ ಏನು ಟೈಪ್ ಮಾಡುವುದು ತಿಳಿಯದೆ ಖಾಲಿ ಬಿಟ್ಟು ಬಟನ್ ಒತ್ತಿದೆ.

ಓದುಗ ಮಹಾಶಯರೇ, ಈಗ ನಾನು ಏಕೆ ಅವರ ಮುಖ ನೋಡಲಿಲ್ಲ ಎಂದು ನೀವು ಕೇಳಬಹುದು. ಕಾರಣ ಇದೆ. ಅದುವರೆಗೆ ನಾನು ಬರೆದ ಯಾವ ಪ್ರೋಗ್ರಾಮೂ ಮೊದಲ ಸಲಕ್ಕೇ ಕೆಂಪು ಅಕ್ಷರ ಬಾರದೆ ಕೊನೆತನಕ ಓಡಿರಲಿಲ್ಲ. ಇದು ಓಡಿತು! ಮೂರೂ ಜನರಿಗೆ ಓಡಿತು. ತೆರೆಯ ಮೇಲೆ ದೊಡ್ಡದಾಗಿ ‘ಸಂತೋಷ. ಹೋಗಿ ಬನ್ನಿ’ ಎಂದು ಸಾಲಾಗಿ ಬಂತು. ನಾನು ಹಿಗ್ಗಿ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಅದೂ ಸಾಲದೆಂದು ಮೈದಾನದ ಧ್ವನಿಯಲ್ಲಿ ಓದಿಯೂ ಬಿಟ್ಟೆ.

“ಸಂತೋಷ! ಹೋಗಿ ಬನ್ನಿ!”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮಲ್ಲಿಕಾರ್ಜುನಪ್ಪನವರು ನಿಧಾನಕ್ಕೆ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು, “ಹಂಗಾರೆ... ಹೊರಡ್ತೀವಿ” ಎಂದರು. ಅದೂ ತಡೆಯಲಿ ಎಂದು ಹೇಳಿದ ಮಾತೇ. ನಾನು ತಡೆಯಲಿಲ್ಲ. ಓಡಿ ಹೋಗಿ ಗೇಟು ತೆಗೆದೆ.

ಕಾರು ಹೋದ ಮೇಲೆ ಪ್ರದೀಪ ಎಲೆಯ ಕಟ್ಟು ಹೊತ್ತು ಬಂದ. “ಅಣ್ಣ, ಅವರ ಕಾರು ತಿರುವಿನಲ್ಲಿ ಹೋಗ್ತಾ ಇತ್ತು. ಎಲ್ಲಿಗೆ ಹೋದ್ರು?”

“ಊರಿಗೆ. ಎಲ್ಲ ಸುಸೂತ್ರವಾಗಿ ಆಯ್ತು ಕಣೋ. ಒಂದು ಎರರ್ ಬರಲಿಲ್ಲ.”

“ಊಟ?”

“ಬೇಡ ಅಂದ್ರು.”

ಅಷ್ಟರಲ್ಲಿ ಗಂಗಾಶ್ರೀ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದಳು. ಖಾಲಿ ಕುರ್ಚಿಗಳನ್ನು ನೋಡಿದಳು. ಬಾಗಿಲ ಹತ್ತಿರ ಚಪ್ಪಲಿ ಇಲ್ಲದ್ದನ್ನು ನೋಡಿದಳು. ಲ್ಯಾಪ್‌ಟಾಪಿನ ತೆರೆ ನೋಡಿದಳು. ಅವಳು ಓದು ಬರಹ ಬಲ್ಲವಳು, ಬೇರೆ ವಿವರಣೆ ಬೇಕಾಗಲಿಲ್ಲ.

“ಅತ್ತೇ, ಉಂಡೆ ಕಟ್ಟೋದು ನಿಲ್ಲಿಸ್ರಿ” ಎಂದು ಒಳಗೆ ಕೂಗಿದಳು. ಆ ದಿನದ ಹೋಳಿಗೆ ಕರಿಯಣ್ಣನ ಮನೆಗೆ ಹೋಯಿತು, ಎದುರು ಮನೆಗೆ ಹೋಯಿತು, ನಮ್ಮ ಬೀದಿಯ ಕೊನೆಯ ಮನೆಯವರೆಗೂ ಹೋಯಿತು. ನನ್ನ ತಟ್ಟೆಗೆ ಒಂದು ಚೂರೂ ಬೀಳಲಿಲ್ಲ. ಕೇಳುವ ಧೈರ್ಯವೂ ನನಗಿರಲಿಲ್ಲ.

ಸಂಜೆ ವೀರಬಸಪ್ಪನವರ ಫೋನು ಬಂತು.

“ಮೇಷ್ಟ್ರೇ, ಎಂಥ ಕೆಲಸ ಮಾಡಿದ್ರಿ? ಬಂದೋರನ್ನ ಕಂಪ್ಯೂಟರ್ ತೋರ್ಸಿ ಕಳಿಸಿದ್ರಂತೆ?”

“ಅವರೇ ಬೇಡ ಅಂದ್ರು, ಯಜಮಾನ್ರೇ.”

“ಯಾರಾದ್ರೂ ಬೇಕು ಅಂತಾರೇನ್ರಿ? ಮಲ್ಲಿಕಾರ್ಜುನಪ್ಪ ಏನಂದ್ರು ಗೊತ್ತಾ? ‘ಊಟಕ್ಕೆ ಏಳಿ ಅಂತ ಎರಡನೇ ಮಾತು ಹೇಳದ ಮನೆ ಅದು. ನನ್ನ ಮಗಳು ಅಲ್ಲಿ ಒಂದು ದಿನ ಹಸಿವಿಲ್ಲ ಅಂದ್ರೆ ಅವಳ ಗತಿ ಏನು?’ ಅಂತಾರೆ. ನಾನೇನು ಹೇಳ್ಲಿ?”

ಫೋನು ಸ್ಪೀಕರಿನಲ್ಲಿತ್ತು. ಪ್ರದೀಪ ಅಲ್ಲೇ ನಿಂತಿದ್ದ. ಬೈದಿದ್ದರೆ ಚೆನ್ನಾಗಿರುತ್ತಿತ್ತು. “ಹೋಗ್ಲಿ ಬಿಡಣ್ಣ” ಎಂದು ಹೇಳಿ ಅಂಗಡಿಗೆ ಹೋದ. ಆದರೆ ಈ ಸಲ ಅಂಗಡಿಯ ಶಟರ್ ಎತ್ತಲಿಲ್ಲವಂತೆ. ಮುಂದಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ ಎಂದು ಕರಿಯಣ್ಣ ಬಂದು ಹೇಳಿದ. ನನಗೆ ಲ್ಯಾಪ್‌ಟಾಪನ್ನು ಎತ್ತಿ ಬಾವಿಗೆ ಹಾಕೋಣ ಅನ್ನಿಸಿತು. (ಶಾಲೆಯದಾದ್ದರಿಂದ ಹಾಕಲಿಲ್ಲ.)

“ಭಾನುವಾರ ಸೊರಬಕ್ಕೆ ಹೋಗೋದು” ಎಂದು ಗಂಗಾಶ್ರೀ ಘೋಷಿಸಿದಳು. “ನಾನು, ಅತ್ತೆ, ಪ್ರದೀಪ, ನೀವು. ನಾನು ಮಾತಾಡ್ತೀನಿ. ನೀವು ಬಾಯಿ ಬಿಡೋ ಹಂಗಿಲ್ಲ.”

“ಅಷ್ಟರಲ್ಲಿ ಲೂಪ್ ಪಾಠ ಬರುತ್ತೆ. ಪ್ರೋಗ್ರಾಮ್ ಸರಿ ಮಾಡಿ ತಂದು ಅವರಿಗೆ ತೋರಿಸಿದ್ರೆ...”

“ಆ ಡಬ್ಬ ಬಸ್ ಹತ್ತಿದ್ರೆ ನಾನು ಇಳೀತೀನಿ.”

ಡಬ್ಬ ಬಸ್ ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಹೊರಟೆವು. ಹಿಂದಿನ ದಿನದಿಂದ ನನಗೆ ಭಯಕ್ಕೆ ಅನ್ನ ಸೇರಿರಲಿಲ್ಲ. ಬೆಳಿಗ್ಗೆ ತಿಂಡಿಯೂ ಮಾಡಿರಲಿಲ್ಲ.

ಮಲ್ಲಿಕಾರ್ಜುನಪ್ಪನವರು ಬಾಗಿಲಿಗೆ ಬಂದು “ಬನ್ನಿ” ಎಂದರು. ಅದರಲ್ಲಿ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ. ನಾವು ಹಾಲ್‌ನಲ್ಲಿ ಕೂತೆವು. ಗಂಗಾಶ್ರೀ ಪೀಠಿಕೆ ಹಾಕದೆ ಶುರು ಮಾಡಿದಳು.

“ಯಜಮಾನ್ರೇ, ಆವತ್ತು ನಿಮಗೆ ಅವಮಾನ ಆಯ್ತು. ತಪ್ಪು ನಮ್ಮದೇ. ಆದ್ರೆ ನಮ್ಮನೆಯವರ ಮನಸ್ಸಲ್ಲಿ ಏನೂ ಇಲ್ಲ ನೋಡ್ರಿ. ಇವರು ಈಗ ಕಂಪ್ಯೂಟರ್ ಕಲೀತಾ ಇದಾರೆ. ಅದರ ಬುದ್ಧಿ ಇವರಿಗೆ ಬಂದ್ಬಿಟ್ಟೈತೆ. ಒಂದ್ಸಲ ಕೇಳ್ತಾರೆ, ಬೇಡ ಅಂದ್ರೆ ಮುಗೀತು. ಹೆತ್ತ ತಾಯಿಗೇ ಹಿಂಗೆ ಮಾಡಿ ಉಪವಾಸ ಮಲಗಿಸಿದಾರೆ. ಬೇಕಾದ್ರೆ ನಮ್ಮತ್ತೆನ ಕೇಳ್ರಿ.”

“ಹೌದ್ರಿ, ಮಲಗಿಸ್ಯಾನ” ಎಂದು ಅವ್ವ ತುಂಬು ಮನಸ್ಸಿನಿಂದ ಸಾಕ್ಷಿ ನುಡಿದಳು. ಪ್ರದೀಪ ನೆಲ ನೋಡುತ್ತಿದ್ದ. ಒಳಬಾಗಿಲ ಹತ್ತಿರ ನಿಂತಿದ್ದ ಶಶಿರೇಖಾ ಮುಂದೆ ಬಂದಳು. ತೆಳ್ಳಗಿನ ಹುಡುಗಿ, ಕನ್ನಡಕ, ಮುಖದಲ್ಲಿ ಮೇಡಂ ಕಳೆ.

“ಸರ್, ಆವತ್ತಿಗೆ ನೀವು ಯಾವ ಪಾಠದವರೆಗೆ ಬಂದಿದ್ರಿ?”

ನಾನು ಗಂಗಾಶ್ರೀ ಮುಖ ನೋಡಿದೆ. ಅವಳು ಹೂಂ ಎಂದು ಕಣ್ಣಲ್ಲೇ ಅಪ್ಪಣೆ ಕೊಟ್ಟಳು.

“ಇಫ್, ಎಲ್ಸ್.”

“ವೈಲ್ ಲೂಪ್?”

“ಆಗಿರಲಿಲ್ಲಮ್ಮ.”

“ಎಲ್ಸ್‌ನಲ್ಲಿ ‘ಹೋಗಿ ಬನ್ನಿ’ ಅಂತ ಬರೆದಿದ್ರಾ?”

“ಮರ್ಯಾದೆಗೆ ಬರೆದೆ.”

ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. “ಅಪ್ಪಾ, ಇವರು ಬೇಕಂತ ಮಾಡಿದ್ದಲ್ಲ. ನಮ್ಮ ಕಾಲೇಜಲ್ಲಿ ಹೊಸದಾಗಿ ಕಲಿಯೋರೆಲ್ಲ ಹೀಗೇ. ಒಂದು ಸಲ ಕೇಳಿ ಬಾಗಿಲು ಹಾಕ್ಕೊಂಡ್ಬಿಡ್ತಾರೆ. ಮುಂದಿನ ಪಾಠ ಬಂದ್ರೆ ಬಿಡಿ ಅಂದ್ರೂ ಬಿಡಲ್ಲ. ನೀವು ಒಂದು ವಾರ ಮುಂಚೆ ಹೋಗಿದ್ದೇ ತಪ್ಪು.”

ಮಲ್ಲಿಕಾರ್ಜುನಪ್ಪನವರ ಮೀಸೆ ಸ್ವಲ್ಪ ಅಲುಗಿತು. “ನಾನು ಶಿಕಾರಿಪುರದಲ್ಲಿ ಹೋಳಿಗೆ ಊಟ ಅಂತ ಬೆಳಿಗ್ಗೆ ತಿಂಡಿನೂ ಬಿಟ್ಟು ಬಂದಿದ್ದೆ ಮಾರಾಯ್ರೆ. ಒಳಗಿಂದ ಏಲಕ್ಕಿ ವಾಸನೆ ಬರ್ತಿತ್ತು. ಈ ಮೇಷ್ಟ್ರು ಗೇಟು ತೆಗೆದು ನಿಂತ್ರು. ಕೊನೆಗೆ ಶಿರಾಳಕೊಪ್ಪದಲ್ಲಿ ಇಳಿದು ಹೋಟ್ಲಲ್ಲಿ ಇಡ್ಲಿ ತಿಂದ್ವಿ” ಎಂದು ಹೇಳಿ, ಅವರೂ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರದೀಪ ತಲೆ ಎತ್ತಿದ. ಅವನ ಮುಖದಲ್ಲಿ ಬಂದ ಕಳೆ ನೋಡಿ ನನಗೆ ಅಲ್ಲೇ ಎದ್ದು ಸೀಟಿ ಊದಬೇಕು ಅನ್ನಿಸಿತು.

“ಆಯ್ತು ಏಳಿ, ಊಟ ಮಾಡಣ. ಉಳಿದ ಮಾತು ಆಮೇಲೆ” ಎಂದರು ಮಲ್ಲಿಕಾರ್ಜುನಪ್ಪ. ಒಳಗೆ ಸಾಲಾಗಿ ಎಲೆ ಹಾಕಿದ್ದರು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಕೋಸಂಬರಿ, ಹಪ್ಪಳ. ಆ ಘಮಕ್ಕೆ ನನ್ನ ಎರಡು ದಿನದ ಹಸಿವು ಒಟ್ಟಿಗೇ ಎದ್ದು ನಿಂತಿತು. ಶಶಿರೇಖಾ ನೇರವಾಗಿ ನನ್ನ ಹತ್ತಿರ ಬಂದಳು.

“ಭಾವ, ನೀವು ಊಟ ಮಾಡ್ತೀರಾ?”

ಭಾವ! ಗಂಡನ ಅಣ್ಣನಿಗೆ ಹೇಳುವ ಮಾತು. ಅಂದರೆ ಸಂಬಂಧ ನಿಂತಿತು. ನನಗೆ ಎದೆ ತುಂಬಿ ಬಂತು. ತುಂಬಿದ ಎದೆಯಿಂದ ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, ಹುಟ್ಟಿದಾಗಿನಿಂದ ಕಲಿತದ್ದನ್ನೇ ಹೇಳಿಬಿಟ್ಟಿತು: “ಅಯ್ಯೋ, ಬೇಡಮ್ಮ. ಹೊರಡೋವಾಗ್ಲೇ ಆಯ್ತು.”

“ಸರಿ ಭಾವ” ಎಂದಳು. ಒಳಗೆ ಹೋಗಿ ನನ್ನ ಎಲೆ ಎತ್ತಿದಳು.

ನಾನು ಎರಡನೇ ಕರೆಗೆ ಕಾದೆ. ಗಂಗಾಶ್ರೀ ಏನಾದರೂ ಹೇಳಿಯಾಳೆಂದು ಬಗ್ಗಿ ಬಗ್ಗಿ ನೋಡಿದೆ. ಅವಳು ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಬಹಳ ಗಂಭೀರವಾಗಿ ನೋಡುತ್ತಿದ್ದಳು. ಮಲ್ಲಿಕಾರ್ಜುನಪ್ಪನವರ ಹೆಂಡತಿ ಪಾಪ, “ಮೇಷ್ಟ್ರನ್ನ ಇನ್ನೊಂದ್ಸಲ ಕರೀರಿ” ಎಂದರು. “ಬೇಡ, ಅವರಿಗೆ ಬಲವಂತ ಮಾಡಿದ್ರೆ ಆಗಲ್ವಂತೆ. ಮೇಷ್ಟ್ರಿಗೆ ಟೀವಿ ಹಾಕಿ ಕೊಡು” ಎಂದರು ಮಲ್ಲಿಕಾರ್ಜುನಪ್ಪ. ಟೀವಿ ಹಾಕಿ ಕೊಟ್ಟರು. ಅದರಲ್ಲಿ ಗುಡವಿ ಪಕ್ಷಿಧಾಮದ ಹಕ್ಕಿಗಳ ಬಗ್ಗೆ ಬರುತ್ತಿತ್ತು. ಒಂದೊಂದೂ ಕೊಕ್ಕಿನ ತುಂಬ ಮೀನು ಹಿಡಿದು ನುಂಗುತ್ತಿತ್ತು. ಅವಕ್ಕೆ ಯಾರೂ ಮೊದಲು ಬೇಡ ಅನ್ನಬೇಕೆಂದು ಕಲಿಸಿಲ್ಲ.

ಒಳಗೆ ಶಶಿರೇಖಾ ಅವ್ವನಿಗೆ ಬಡಿಸುವುದೆಲ್ಲ ಕೇಳಿಸುತ್ತಿತ್ತು.

“ಇನ್ನೊಂದು ಹೋಳಿಗೆ ಹಾಕ್ಲಾ ಅತ್ತೆ?”

“ಬ್ಯಾಡವ್ವ, ಹೊಟ್ಟಿ ತುಂಬೈತಿ.”

“ಒಂದೇ ಒಂದು.”

“ಬ್ಯಾಡಂದ್ರ ಕೇಳಲ್ಲಲ್ಲ ಈ ಹುಡುಗಿ. ಅರ್ಧ ಹಾಕು.”

“ಅರ್ಧ ಎಲ್ಲಿಂದ ಬರುತ್ತೆ, ಪೂರ್ತಿ ತಗೊಳ್ಳಿ. ಮೇಲೆ ತುಪ್ಪ.” ಲೂಪ್ ಅಂದರೆ ಏನೆಂದು ನನಗೆ ವಿಡಿಯೋದಲ್ಲಿ ಅಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಊಟದ ಮೇಲೆ ಎಲೆ ಅಡಿಕೆ, ಮಾತುಕತೆ. ನಿಶ್ಚಿತಾರ್ಥಕ್ಕೆ ದಿನ ನೋಡುವುದೆಂದು ಆಯಿತು. ಎಲ್ಲರೂ ಸಂತೋಷವಾಗಿದ್ದರು. ನನಗೂ ಸಂತೋಷವೇ, ಆದರೆ ಅದು ಹೊಟ್ಟೆಯ ಮೇಲ್ಭಾಗದಲ್ಲಿ ಮಾತ್ರ ಇತ್ತು.

ವಾಪಸ್ ಬರುವ ಬಸ್ಸಿನಲ್ಲಿ ಅವ್ವ ಹೂರಣದ ಹದವನ್ನು ವರ್ಣಿಸುತ್ತಾ ಕೂತಳು. ನನಗೆ ಸಿಟ್ಟು ಬಂದಿತ್ತು. ಕಿಟಕಿಯ ಕಡೆ ತಿರುಗಿ ಮುಖ ಊದಿಸಿಕೊಂಡಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಗಂಗಾಶ್ರೀ ನನ್ನ ತೋಳು ಮುಟ್ಟಿ ಕೇಳಿದಳು.

“ಏನಾದ್ರೂ ತಿಂತೀರಾ?”

ಈಗ ಕೇಳುತ್ತಾಳೆ! ನಾನೂ ಮನುಷ್ಯ, ನನಗೂ ಮಾನ ಇದೆ. “ಬೇಡ” ಎಂದೆ, ಗಟ್ಟಿಯಾಗಿ.

“ಸರಿ” ಎಂದು ಅವಳು ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಮುಚ್ಚಳ ತೆಗೆದ ಕೂಡಲೇ ಏಲಕ್ಕಿ, ತುಪ್ಪ, ಬೆಲ್ಲ ಮೂರೂ ಒಟ್ಟಿಗೆ ಬಂದವು. ಒಂದು ಹೋಳಿಗೆ ಪ್ರದೀಪನಿಗೆ ಕೊಟ್ಟಳು. ಒಂದು ಅವ್ವನಿಗೆ. ಅವ್ವ “ಬ್ಯಾಡ” ಅಂದಳು, ಇವಳು “ಅರ್ಧ ತಿನ್ರಿ ಅತ್ತೆ” ಅಂದಳು, ಅವ್ವ ಪೂರ್ತಿ ತಿಂದಳು. ಕೊನೆಯದನ್ನು ತಾನು ಬಾಯಿಗಿಟ್ಟುಕೊಂಡಳು.

“ಶಶಿರೇಖಾ ನಿಮಗೇ ಅಂತ ಕಟ್ಟಿ ಕೊಟ್ಟಿದ್ಲು” ಎಂದಳು, ನಿಧಾನಕ್ಕೆ ಅಗಿಯುತ್ತಾ. “ಭಾವನ್ನ ಒಂದೇ ಸಲ ಕೇಳಿ ಅಕ್ಕಾ ಅಂತ ಹೇಳಿ ಕಳಿಸಿದ್ಲು. ಕೇಳಿದೆ.”

ಮುಂದಿನ ತಿಂಗಳು ನಿಶ್ಚಿತಾರ್ಥ. ಮದುವೆಯಾದ ಮೇಲೆ ಹುಡುಗಿ ನಮ್ಮ ಮನೆಗೇ ಬರುತ್ತಾಳೆ. ಇನ್ನು ಮೇಲೆ ನನ್ನನ್ನು ಒಂದೇ ಸಲ ಕೇಳುವವರು ಅಡುಗೆ ಮನೆಯಲ್ಲಿ ಇಬ್ಬರಾಗುತ್ತಾರೆ.